ಲೋಗೋದಲ್ಲಿ ಉಳಿದ ಕರಡಿ

ಅಮೆರಿಕದ ಪಸಡೀನಾದ ನಮ್ಮ ಕನ್ನಡ ಸಂಘಕ್ಕೆ ಹೊಸ ಲೋಗೋ ಬೇಕಿತ್ತು. ನಾನು ಮಾಡಿದ್ದನ್ನ ಕಮಿಟಿ ಒಪ್ಪಿದರೆ ಬೇಸಿಗೆ ರಜೆಯ ಮ್ಯಾಥ್ಸ್ ಕ್ಲಾಸಿಗೆ ಹೋಗೋದು ಬೇಡ ಅಂತ ಅಮ್ಮ ಮಾತು ಕೊಟ್ಟಿದ್ದಳು. ಹಾಗಾಗಿ ಜೀವನದಲ್ಲಿ ಮೊದಲ ಸಲ ಕಷ್ಟಪಟ್ಟು ದೀಪ, ವೀಣೆ, ತಾಳೆ ಮರ ಎಲ್ಲ ಸೇರಿಸಿ ಬಿಡಿಸಿದೆ.

ಕಮಿಟಿ ಅಂಕಲ್‌ಗಳಿಗೆ ಏನಾದರೂ ಒಂದು ತೆಗೆಸದೆ ಸಮಾಧಾನವಿಲ್ಲ. ಅವರು ತೆಗೆಸಲಿ ಅಂತಲೇ ಮೂಲೆಯಲ್ಲಿ ಒಂದು ಕರಡಿ ಕೂರಿಸಿದೆ. ಯಾರದೋ ಸ್ವಿಮ್ಮಿಂಗ್ ಪೂಲಿಗೆ ಕರಡಿ ಇಳಿದ ಸುದ್ದಿ ನೋಡಿ ಆ ವಾರ ಬಿಡಿಸಿದ್ದ ಚಿತ್ರ ಅದು.

ಸಂಘದ ಅಧ್ಯಕ್ಷರು ರಿಟೈರ್ಡ್ ಡಾಕ್ಟರ್. ಕನ್ನಡಕ ಏರಿಸಿ ನೋಡಿದರು. "ದೀಪ ಎಲ್ಲಾ ಸಂಘದವರೂ ಹಾಕ್ತಾರೆ, ತೆಗಿ. ವೀಣೆ ಸೌಟಿನ ಥರ ಇದೆ. ಮರಾನೂ ಬೇಡ."

"ಕರಡಿ, ಅಂಕಲ್?"

"ಅದನ್ನ ಮುಟ್ಟಬೇಡ. ಅದು ಬಂದಿದ್ದು ನಮ್ಮನೆ ಪೂಲಿಗೇ. ಒಂದು ಮೈಸೂರು ಪೇಟ ತೊಡಿಸಿಬಿಡು."

ಉಳಿದವರೆಲ್ಲ ಕೈ ಎತ್ತಿ ಒಪ್ಪಿದರು.

ಮನೆಗೆ ಬಂದು ತೋರಿಸಿದೆ. ಅಮ್ಮ ಒಂದು ನಿಮಿಷ ನೋಡಿದಳು. "ಅವರು ಒಪ್ಪಿರೋದು ಕರಡೀನ ಕಣೋ, ನಿನ್ನ ಲೋಗೋನಲ್ಲ. ಸೋಮವಾರ ಕ್ಲಾಸಿಗೆ ಹೊರಡು."

ಕರಡಿ ಈಗ ಸಂಘದ ಬ್ಯಾನರ್ ಮೇಲೆ ಆರಾಮಾಗಿ ಕೂತಿದೆ. ಅದನ್ನ ಯಾರೂ ಆಲ್ಜೀಬ್ರಾ ಕೇಳೋದಿಲ್ಲ.