ಬೀಳಬೇಕಾದ ಕಬ್ಬಿಣ

೨೦೦೧ರಲ್ಲಿ, ಏಳನೇ ತರಗತಿಯ ನಡುವೆ, ನಾನು ಶಾಲೆ ಬಿಟ್ಟೆ. ಆಮೇಲೆ ಹದಿನೆಂಟು ವರ್ಷ ಪುಸ್ತಕದ ಮುಂದೆ ಕೂತವನಲ್ಲ. ಮತ್ತೆ ಕೂರಿಸಿದ್ದು ಒಂದು ನೀಲಿ ಹೆಬ್ಬೆರಳು.

ಅದು ಕೊಟ್ಟೂರಿನ ಅಕ್ಕೋರ ಹೆಬ್ಬೆರಳು. ಶಾಲೆಯಲ್ಲಿ ಆಟದ ಟೀಚರಾಗಿದ್ದು ನಿವೃತ್ತರಾದವರು. ಮೊಹರಿನ ಶಾಯಿ ಆ ಉಗುರಿನ ಸಂದಿಯಲ್ಲಿ ಇಂಗಿ ಹೋಗಿತ್ತು. ಎಷ್ಟು ತಿಕ್ಕಿದರೂ ಬಿಡುತ್ತಿರಲಿಲ್ಲ. ಮನೆಯ ಮುಂದಿನ ಎರಡು ಕೋಣೆಗಳಲ್ಲಿ ಅವರೊಂದು ಗ್ರಂಥಾಲಯ ಇಟ್ಟಿದ್ದರು. ಕಥೆ ಇಲ್ಲ, ಪುರಾಣ ಇಲ್ಲ, ಪರೀಕ್ಷೆಯ ಗೈಡ್ ಇಲ್ಲ. ಇದ್ದದ್ದೆಲ್ಲ ದೇಶದೇಶಗಳ ಆಟದ ಪುಸ್ತಕ: ನಿಯಮ, ಮೈದಾನದ ಅಳತೆ, ಒಲಿಂಪಿಕ್ಸ್ ವರದಿ. ಹಳೆ ಪುಸ್ತಕದ ಅಂಗಡಿಗಳಿಗೆ ನಲವತ್ತು ವರ್ಷ ಪತ್ರ ಬರೆದು ತರಿಸಿಕೊಂಡವು. ಆ ಕೋಣೆಗಳ ಕಿಟಕಿಗೆ ಗ್ರಿಲ್ ಕೂರಿಸಿದವನು ನಾನು. ಕೆಲಸ ಮಾಡುತ್ತ ಒಳಗೆ ಇಣುಕಿ, "ಇದನ್ನೆಲ್ಲ ಯಾರು ಓದ್ತಾರ್ರಿ ಅಕ್ಕೋರ?" ಎಂದಿದ್ದೆ.

"ಸಿಟ್ಟು ಬಂದೋರು" ಎಂದಿದ್ದರು. ನಾನು ನಕ್ಕು ಬಂದಿದ್ದೆ.

ಮರುವರ್ಷ ನನಗೇ ಸಿಟ್ಟು ಬಂತು. ಸುತ್ತಿನ ಶಾಲೆಗಳ ಕ್ರೀಡಾಕೂಟ ನಡೆಸುವ ಸಮಿತಿಗೆ ಸಿಮೆಂಟ್ ಅಂಗಡಿಯ ಸಾವ್ಕಾರನೊಬ್ಬ ಕಾರ್ಯದರ್ಶಿ. ಓಟದ ಮಕ್ಕಳು ಹಾರಿ ದಾಟುವ ಹರ್ಡಲ್ಸ್ ಮಾಡಿಕೊಡು ಎಂದು ಕ್ಯಾಲೆಂಡರ್ ಹಾಳೆಯ ಹಿಂದೆ ತಾನೇ ಚಿತ್ರ ಬರೆದುಕೊಟ್ಟ. "ನೋಡಲೇ, ಗಟ್ಟಿ ಇರಬೇಕು. ಅಲ್ಲಾಡಿದ್ರ ನಿನ್ನ ಅಂಗಡಿಗೇ ವಾಪಸ್" ಎಂದ. ನನ್ನ ಕೈಯಿಂದ ಹೋದ ಗೇಟು, ಏಣಿ, ತೊಟ್ಟಿಲು ಯಾವುದೂ ಅಲ್ಲಾಡಿದ್ದಿಲ್ಲ. ಹತ್ತು ಹರ್ಡಲ್ ಮಾಡಿದೆ. ಎಮ್ಮೆ ಗುದ್ದಿದರೂ ಉರುಳದಂಥವು.

ಹಿರೇಹಡಗಲಿಯ ಕುರಿಗಾರರ ಮನೆಯ ಹುಡುಗಿ ಎಲ್ಲರಿಗಿಂತ ಮುಂದಿದ್ದಳು. ಮೂರನೆಯದಕ್ಕೆ ಅವಳ ಕಾಲು ಬಡಿಯಿತು. ಹರ್ಡಲ್ ಬೀಳಲಿಲ್ಲ, ಹುಡುಗಿ ಬಿದ್ದಳು. ಮೊಣಕಾಲ ಕೆಳಗೆ ಮೂಳೆ ಮುರಿದಿತ್ತು. ಅವಳನ್ನು ಇನ್ನೂ ಎತ್ತುತ್ತಿರುವಾಗಲೇ ಸಾವ್ಕಾರ ಮೈಕು ಹಿಡಿದ. "ಏಳನೇ ಕ್ಲಾಸು ಮುಗಿಸದೋನ ಕೈಗೆ ಕೆಲಸ ಕೊಟ್ಟಿದ್ದೇ ನಮ್ಮ ತಪ್ಪಾತ್ರಿ."

ಪಕ್ಕದಲ್ಲಿದ್ದ ನನ್ನ ಹೆಂಡತಿ ತಲೆ ತಗ್ಗಿಸಿದಳು. ಆ ತಗ್ಗಿದ ತಲೆಯನ್ನು ನಾನು ಮರೆತಿಲ್ಲ, ಮರೆಯುವುದೂ ಇಲ್ಲ. ಗೇಟು ಮಾಡಿಸಬೇಕಾದವರು ನನ್ನ ಅಂಗಡಿ ದಾಟಿ ಹರಪನಹಳ್ಳಿಗೆ ಹೋಗತೊಡಗಿದರು. ಮೂರು ವಾರ ವೆಲ್ಡಿಂಗ್ ಮಷೀನು ತಣ್ಣಗಿತ್ತು. ಒಂದು ಮುಂಜಾನೆ ಅಕ್ಕೋರ ಬಾಗಿಲಿಗೆ ಹೋಗಿ ನಿಂತೆ.

"ಯಾಕ ಬಂದಿ ತಮ್ಮಾ?"

"ಅವನ ಮಾರಿಗೆ ಹೊಡಿಯಾಕ ಒಂದು ಪುಸ್ತಕ ಬೇಕ್ರಿ."

"ಹಂಗಾರ ಒಳಗ ಬಾ. ಪಾಸಾಗಾಕ ಬಂದೋರು ಹಾಳಿ ತಿರುವ್ತಾರ. ಸೇಡು ಇದ್ದೋರು ಓದ್ತಾರ."

ಆದರೆ ಮೊದಲು ಕೈ ತೊಳೆದು ತೋರಿಸೆಂದರು. ವೆಲ್ಡಿಂಗ್ ಕೈ, ಸೋಪಿನ ಪುಡಿ ಹಾಕಿ ತಿಕ್ಕಿದರೂ ಕಪ್ಪು ಕಪ್ಪೇ. ಅವಮಾನವಾಗಿ ಹೊರಟೆ. ಅಕ್ಕೋರು ತಮ್ಮ ಹೆಬ್ಬೆರಳು ಮುಂದೆ ಮಾಡಿದರು. "ನಂದೂ ಹೋಗಂಗಿಲ್ಲ. ಕುಂದರು."

ಅಲ್ಲಿಂದ ಯಾವ ಪುಸ್ತಕವೂ ಹೊರಗೆ ಹೋಗುವಂತಿಲ್ಲ, ಫೋನಿನಲ್ಲಿ ಫೋಟೋ ಹೊಡೆಯುವಂತಿಲ್ಲ. ಬೇಕಾದ್ದನ್ನು ಕೈಯಾರೆ ಬರೆದುಕೊಳ್ಳಬೇಕು. ಅಕ್ಕೋರು ಇಂಗ್ಲಿಷ್ ಓದಿ ಕನ್ನಡದಲ್ಲಿ ಹೇಳುವರು, ನಾನು ಬರೆಯುವೆ. ಆಮೇಲೆ ಪದಪದ ಹೋಲಿಸಿ ನೋಡಿ ನೀಲಿ ಮೊಹರು ಒತ್ತುವರು. ಒಂದು ಅಳತೆ ತಪ್ಪಿದರೂ ಇಡೀ ಪುಟ ಮತ್ತೆ. ಎರಡು ತಿಂಗಳು ದಿನಾ ಮುಂಜಾನೆ ಹೋದೆ.

ಹರ್ಡಲ್‌ನ ನಕ್ಷೆ ಸಿಕ್ಕ ದಿನ ಅವರು ಬಾಯಿ ತೆರೆಯುವ ಮೊದಲೇ ನನಗೆ ತಿಳಿದುಹೋಯಿತು. ಭಾಷೆ ಬಾರದಿದ್ದರೂ ಕಬ್ಬಿಣದ ಚಿತ್ರ ನನಗೆ ಓದಲು ಬರುತ್ತದೆ. ಅದರ ಪಾದಗಳು ಒಂದೇ ಕಡೆಗಿದ್ದವು, ಓಡಿ ಬರುವವರ ಕಡೆಗೆ. ಪಾದದಲ್ಲಿ ಸರಿಸಬಹುದಾದ ತೂಕ. ಅಡ್ಡಪಟ್ಟಿಗೆ ನಾಲ್ಕು ಕಿಲೋದ ಒಳಗಿನ ಒತ್ತು ಬಿದ್ದರೆ ಅದು ಮುಂದಕ್ಕೆ ಉರುಳಲೇಬೇಕು. ಬೀಳಲೆಂದೇ ಮಾಡುವ ವಸ್ತು ಅದು.

ಸಾವ್ಕಾರನ ಚಿತ್ರದಲ್ಲಿ ಪಾದಗಳೇ ಇರಲಿಲ್ಲ. ಎರಡೂ ಕಡೆ ಮಂಚದ ಹಾಗೆ ಕಾಲು ಬೆಸೆದವನು ನಾನು.

ಅಕ್ಕೋರು ನನ್ನ ಮುಖ ನೋಡಿದರು. "ಅವನಿಗೆ ಹೊಡಿಯೋ ಪುಸ್ತಕ ನಿನಗೂ ಬಡಿತೈತಿ. ಮೊದಲನೇ ಸಾಲಿಗೆ ನಿನ್ನ ತಪ್ಪು ಬರಿ. ಅದನ್ನ ಹಿರೇಹಡಗಲಿಗೆ ಹೋಗಿ ಓದಿ ಬಾ. ಆಮೇಲೆ ಅವನ ಮುಂದ ಓದು. ನಿನ್ನ ತಪ್ಪು ನೀನ ಹೇಳಿಬಿಟ್ಟರ ಅವನ ಕೈಯಾಗ ಏನೂ ಉಳಿಯಂಗಿಲ್ಲ."

ಹೋದೆ. ಹುಡುಗಿ ಕಾಲಿಗೆ ಪಟ್ಟಿ ಹಾಕಿಸಿಕೊಂಡು ಹಟ್ಟಿಯ ಮುಂದೆ ಕೂತಿದ್ದಳು. ನಾನು ಓದಿ ಮುಗಿಸಿದ ಮೇಲೆ ಅವಳಪ್ಪ, "ನೀನೊಬ್ಬನಾರ ಬಂದೆಲ್ಲ" ಎಂದ. ಅದಕ್ಕಿಂತ ಅವನು ಬೈದಿದ್ದರೆ ಹಗುರಾಗುತ್ತಿತ್ತು.

ಅಕ್ಕೋರಿಗೆ ಇಷ್ಟೊಂದು ಚತುರತೆ ಎಲ್ಲಿಂದ ಬಂತೆಂದು ಒಮ್ಮೆ ಕೇಳಿದೆ. ಅವರೂ ಹುಡುಗಿಯಾಗಿದ್ದಾಗ ಹರ್ಡಲ್ಸ್ ಓಡಿದವರು. ಒಂದು ಓಟದಲ್ಲಿ ಮೂರು ಕೆಡವಿಯೂ ಮೊದಲು ಬಂದರಂತೆ. ಮೂರು ಕೆಡವಿದವರು ಲೆಕ್ಕಕ್ಕಿಲ್ಲ ಎಂದು ತೀರ್ಪುಗಾರ ಹೊರಗೆ ಹಾಕಿದ. ಆ ನಿಯಮ ಅವರು ಹುಟ್ಟುವ ಮೊದಲೇ ಹೋಗಿತ್ತೆಂದು ಎಷ್ಟೋ ವರ್ಷಗಳ ಮೇಲೆ ಪುಸ್ತಕವೊಂದರಲ್ಲಿ ಸಿಕ್ಕಿತು. "ಆವತ್ತು ಮೈದಾನದಾಗ ಒಬ್ಬರ ಹತ್ರಾನೂ ಪುಸ್ತಕ ಇರಲಿಲ್ಲ ತಮ್ಮಾ" ಎಂದರು. ಅಂದಿನಿಂದ ಪ್ರತಿ ವರ್ಷ ಆ ಓಟದ ದಿನ, ಸರಿಯಾದ ನಿಯಮವನ್ನು ಕಾರ್ಡಿನಲ್ಲಿ ಬರೆದು, ಮೊಹರು ಒತ್ತಿ, ಆ ತೀರ್ಪುಗಾರನಿಗೆ ಅಂಚೆಗೆ ಹಾಕುತ್ತಿದ್ದರು. ಅವನು ತೀರಿಕೊಂಡ ವರ್ಷ ನಿಲ್ಲಿಸಿದರು.

"ಕ್ಷಮಿಸಿಬಿಟ್ರೇನ್ರಿ?"

"ಸತ್ತೋನಿಗೆ ಓದಾಕ ಬರಂಗಿಲ್ಲ."

ಮುಂದಿನ ಕ್ರೀಡಾಕೂಟಕ್ಕೆ ನಕ್ಷೆಯಂತೆ ಮಾಡಿದ ಹೊಸ ಹರ್ಡಲ್ ಒಂದು, ಹಳೆಯದು ಒಂದು, ಹುಣಸೆಹಣ್ಣು ತೂಗುವ ಕೊಕ್ಕೆಯ ತಕ್ಕಡಿ ಹೊತ್ತುಕೊಂಡು ಮೈದಾನಕ್ಕೆ ಹೋದೆ.

"ನಿನ್ನ ಯಾರು ಕರೆದ್ರಲೇ?" ಎಂದ ಸಾವ್ಕಾರ.

"ನಾ ಕರದೀನಿ" ಎಂದರು ಕುರ್ಚಿಯಲ್ಲಿದ್ದ ಅಕ್ಕೋರು. ಮೈದಾನದ ಅರ್ಧ ಮೇಷ್ಟ್ರುಗಳು ಅವರ ಕೈಯಲ್ಲಿ ಕಲಿತವರು. ಅವರೇ ನನಗೆ ಜಾಗ ಬಿಟ್ಟುಕೊಟ್ಟರು.

ನೋಟ್‌ಬುಕ್ ತೆಗೆದು ಮೊದಲ ಸಾಲು ಓದಿದೆ: "ಎರಡೂ ಕಡೆ ಕಾಲು ಬೆಸೆದವನು ನಾನು." ಸಾವ್ಕಾರ ಮೈಕಿನತ್ತ ಚಾಚಿದ್ದ ಕೈ ಹಿಂದಕ್ಕೆ ತೆಗೆದ. ಅವನು ಹೇಳಬೇಕೆಂದಿದ್ದದ್ದನ್ನು ನಾನೇ ಹೇಳಿಯಾಗಿತ್ತು. ಆಮೇಲೆ ಅವನ ಕ್ಯಾಲೆಂಡರ್ ಹಾಳೆ ಬಿಚ್ಚಿ ಹಿಡಿದು, ಗಟ್ಟಿ ಇರಬೇಕೆಂದು ಅವನು ಆಡಿದ ಮಾತನ್ನೂ ಪುಸ್ತಕದ ನಿಯಮವನ್ನೂ ಓದಿದೆ. ಹೊಸ ಹರ್ಡಲ್‌ಗೆ ತಕ್ಕಡಿಯ ಕೊಕ್ಕೆ ಹಾಕಿ ಎಳೆದೆ. ಮುಳ್ಳು ನಾಲ್ಕು ಮುಟ್ಟುವ ಮೊದಲೇ ಉರುಳಿತು. ಹಳೆಯದನ್ನು ಸಾವ್ಕಾರನ ಮುಂದೆ ಇಟ್ಟೆ.

"ಒದೀರಿ ಸಾವ್ಕಾರ್ರ. ನೀವು ಹೇಳಿದಂಗ ಗಟ್ಟಿ ಐತಿ."

ಅವನು ಒದೆಯಲಿಲ್ಲ. "ಒದೀರಿ, ಬೂಟು ಹಾಕ್ಕೊಂಡೀರಲ್ಲ!" ಎಂದು ಹಿಂದಿನಿಂದ ಯಾರೋ ಕೂಗಿದರು. ಇಡೀ ಮೈದಾನ ನಕ್ಕಿತು. ಅವನು ತಲೆ ತಗ್ಗಿಸಿದ. ನಾನು ನೋಡಬೇಕಾಗಿದ್ದದ್ದು ಅದನ್ನೇ. ಇವತ್ತಿಗೂ ನನ್ನ ಅಂಗಡಿ ಹತ್ತಿರ ಬಂದರೆ ಗಾಡಿ ಜೋರು ಮಾಡುತ್ತಾನೆ. ನನಗೆ ಸಂತೋಷವಾಗುತ್ತದೆ, ಸುಳ್ಳೇಕೆ ಹೇಳಲಿ.

ಹೋದ ವರ್ಷ ಅಕ್ಕೋರು ತೀರಿಕೊಂಡರು. ಕೊನೆಯ ಸಲ ಕಾಣಲು ಹೋದಾಗ ಮಾತು ಕಡಿಮೆಯಾಗಿತ್ತು. ಗ್ರಂಥಾಲಯದ ಬೀಗದ ಕೈ ನನ್ನ ಅಂಗೈಯಲ್ಲಿಟ್ಟು, "ಕೈ ತೊಳಸದ ಯಾರನ್ನೂ ಒಳಗ ಬಿಡಬ್ಯಾಡ" ಎಂದರು. ಮಣ್ಣು ಮಾಡುವಾಗಲೂ ಆ ಉಗುರು ನೀಲಿಯಾಗಿಯೇ ಇತ್ತು.

ಈಗ ನನ್ನ ಹತ್ತಿರ ಎರಡು ವೆಲ್ಡಿಂಗ್ ಮಷೀನು, ಬೀಳದ ಹರ್ಡಲ್ ಒಂದು, ಮೊಹರು ಬಿದ್ದ ನೋಟ್‌ಬುಕ್ ಮೂರು, ಎರಡು ಕೋಣೆ ಪುಸ್ತಕ, ಒಂದು ಬೀಗದ ಕೈ ಇವೆ.