ಶಿಲುಬೆಗೆ ಪಾಲಿಶ್

ಕುವೈತಿನ ಶುವೈಖ್ ಇಂಡಸ್ಟ್ರಿಯಲ್ ಏರಿಯಾದ ಕಲ್ಲಿನ ವರ್ಕ್‌ಶಾಪಿನಲ್ಲಿ ರೋಕ್‌ನ ಕೈಗೆ ಒರಟು ಕಲ್ಲು ಸಿಕ್ಕಿದರೆ ಮುಗಿಯಿತು. ಕನ್ನಡಿಯಂತೆ ಹೊಳೆಯುವ ತನಕ ಬಿಡುವ ಆಸಾಮಿಯೇ ಅಲ್ಲ. ವೀಸಾ ಕೊಟ್ಟು ಕರೆಸಿಕೊಂಡ ಮಾಲೀಕ, ಕಫೀಲ್ ಕೂಡ ಅವನು ಉಜ್ಜಿದ ಕಲ್ಲಿನಲ್ಲಿ ಮೀಸೆ ನೋಡಿಕೊಂಡು ಭೇಷ್ ಎನ್ನುತ್ತಿದ್ದ. ಹೊಗಳಿಕೆ ತಲೆಗೇರದೆ ಇರುತ್ತದೆಯೇ?

ತೊಂಬತ್ತೇಳರಲ್ಲಿ ಬಂಟ್ವಾಳದ ಕಡೆಯ ತನ್ನೂರಿಗೆ ರಜೆಗೆ ಹೋದಾಗ ಪಾಲಿಶ್ ಮೆಶಿನನ್ನೂ ಹೊತ್ತುಕೊಂಡೇ ಹೋದ. ಇಗರ್ಜಿಯ ಅಂಗಳದಲ್ಲಿ ನೂರಾರು ವರ್ಷಗಳಿಂದ ನಿಂತಿದ್ದ ಕಲ್ಲಿನ ಶಿಲುಬೆ ಪಾಚಿ ಹಿಡಿದು ಕಪ್ಪಾಗಿತ್ತು. ಬುಡದ ತುಂಬ ಯಾರೋ ಗೀಚಿದ ಗೆರೆಗಳು. ಚಿಕ್ಕಂದಿನಲ್ಲೇ ಮುಂಬಯಿ ಸೇರಿದ್ದ ರೋಕ್‌ಗೆ ಅದು ಪೋಕರಿ ಹುಡುಗರ ಕೆಲಸದಂತೆ ಕಂಡಿತು. ಹೊಸದಾಗಿ ಬಂದಿದ್ದ ಪಾದ್ರಿಯೂ ಹೂಂ ಅಂದರು. ವಾರವಿಡೀ ಉಜ್ಜಿದ.

ಕುವೈತಿಗೆ ಮರಳಿದ ಮೊದಲ ಶುಕ್ರವಾರ, ಸಿಟಿಯ ಇಗರ್ಜಿಯಲ್ಲಿ ಪೂಜೆ ಮುಗಿದ ಮೇಲೆ ಸಿಕ್ಕಸಿಕ್ಕವರಿಗೆಲ್ಲ ಫೋಟೋ ತೋರಿಸಿದ. ಅವನದೇ ಊರಿನ, ಇಲ್ಲಿ ನರ್ಸ್ ಆಗಿದ್ದ, ಎಲ್ಲರಿಗೂ ಚಿಕ್ಕಮ್ಮನಂತಿದ್ದ ಮಗ್ದಲೀನ್ ಮಾವ್ಶಿ ಕನ್ನಡಕ ಹಾಕಿಕೊಂಡು ಫೋಟೋದ ಕೆಳಭಾಗವನ್ನೇ ದಿಟ್ಟಿಸಿದರು.

"ಬುಡದಲ್ಲಿ ಗೆರೆಗಳಿದ್ದವಲ್ಲ ಮಾರಾಯ?"

"ಎಲ್ಲ ಕ್ಲೀನ್ ಮಾಡಿಬಿಟ್ಟೆ ಮಾವ್ಶಿ. ಈಗ ಕೈಯಾಡಿಸಿದರೆ ಗಾಜಿನ ಹಾಗೆ."

ಮಾವ್ಶಿ ಬೆಂಚಿನ ಮೇಲೆ ಕುಳಿತುಬಿಟ್ಟರು. ಆಮೇಲೆ ಮೆಲ್ಲಗೆ ಹೇಳಿದರು. ಜ್ಞಾನಸ್ನಾನ ಮಾಡಿಸಿ ಹೆಸರಿಡುವುದಕ್ಕೆ ಮೊದಲೇ ತೀರಿಹೋದ ಮಕ್ಕಳಿಗೆ ಹಿಂದೆ ಊರಿನ ಸ್ಮಶಾನದಲ್ಲಿ ಜಾಗವಿರಲಿಲ್ಲ. ಹೆಸರೂ ಇಲ್ಲ, ಗೋರಿಯೂ ಇಲ್ಲ. ಶಿಲುಬೆಯ ಹಿಂದೆ ಸದ್ದಿಲ್ಲದೆ ಮಣ್ಣು ಮಾಡಿ, ಮಗುವಿನ ಅಪ್ಪ ಕಲ್ಲಿನ ಮೇಲೆ ಒಂದು ಗೆರೆ ಗೀರಿ ಬರುತ್ತಿದ್ದ. ಆಮೇಲೆ ಆ ಬಗ್ಗೆ ಯಾರೂ ಬಾಯಿಬಿಡುತ್ತಿರಲಿಲ್ಲ.

"ಎಡಗಡೆ ಕೊನೆಯದ್ದು ನನ್ನ ಮಗುವಿನದ್ದು. ಊರಿಗೆ ಹೋದಾಗಲೆಲ್ಲ ಅದನ್ನು ಮುಟ್ಟಿ ಬರ್ತಿದ್ದೆ."

ರೋಕ್‌ಗೆ ನಿಂತಲ್ಲೇ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಆ ಗೆರೆಗಳ ಪುಡಿಯನ್ನು ತಾನೇ ನೀರು ಹೊಯ್ದು, ಸೀಟಿ ಹೊಡೆಯುತ್ತಾ ಚರಂಡಿಗೆ ತೊಳೆದುಬಿಟ್ಟಿದ್ದ. ಊರಿನಲ್ಲಿ ಇನ್ನೆಷ್ಟು ತಾಯಂದಿರು ಅಲ್ಲಿಗೆ ಬಂದು ಬರಿಗಲ್ಲು ತಡವುತ್ತಿದ್ದಾರೋ! ಫೋಟೋ ತೋರಿಸಿಕೊಂಡು ಮೆರೆದ ತನ್ನ ಮುಖವನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ.

"ಮುಂದಿನ ರಜೆಯಲ್ಲಿ ನಾನೇ ಕೊರೆದು ಕೊಡ್ತೇನೆ ಮಾವ್ಶಿ. ಅದೇ ಜಾಗದಲ್ಲಿ, ಹಾಗೆಯೇ."

ಮಾವ್ಶಿ ಬೈಯಲಿಲ್ಲ. ಫೋಟೋವನ್ನು ಅವನ ಕೈಗೆ ಕೊಟ್ಟರು.

"ಬೇಡ ಮಗಾ. ಅದು ತೀರಿಹೋದ ನನ್ನ ಗಂಡ ಅಳುತ್ತಾ ಕತ್ತಿಯ ತುದಿಯಲ್ಲಿ ಗೀರಿದ್ದು, ಸೊಟ್ಟಗಿತ್ತು. ನೀನು ಚಂದ ಮಾಡಿಬಿಡ್ತೀ."