ಹರಕೆಯಾಟದ ಪಟ್ಟಿಯೂ ನನ್ನ ಕ್ವಿಕ್ ಸಾರ್ಟೂ

ಮನುಷ್ಯರ ಮೇಲೆ ಅನುಮಾನ, ಕಂಪ್ಯೂಟರಿನ ಮೇಲೆ ಭಕ್ತಿ ಇದ್ದ ವಯಸ್ಸು ನನ್ನದು. ಎರಡು ಸಾವಿರದ ಮೂರನೇ ಇಸವಿ. ಹಾಲಾಡಿ ಹತ್ತಿರದ ನಮ್ಮ ಮನೆಯಿಂದ ದಿನಾ ಬಸ್ಸಿನಲ್ಲಿ ಕುಂದಾಪುರಕ್ಕೆ ಹೋಗಿ ಡಿಗ್ರಿಯ ಕೊನೆಯ ವರ್ಷ ಓದುತ್ತಿದ್ದೆ. ಸಿ ಪ್ಲಸ್ ಪ್ಲಸ್ ಕಲಿಸುವ ಮೇಷ್ಟ್ರು ನನಗಿಂತ ದೊಡ್ಡ ಸಂಶಯಪಿಶಾಚಿ. ಮಾಹಿತಿ ತುಂಬಿಡುವ ಪೆಟ್ಟಿಗೆಯಂಥ ಒಂದು ಪ್ರೋಗ್ರಾಮನ್ನು ನಾವೇ ಬರೆಯಬೇಕು. ಒಳಗಿನದನ್ನು ಕ್ರಮಕ್ಕೆ ಜೋಡಿಸುವುದೂ ಬೇಕಾದ್ದನ್ನು ಹುಡುಕಿ ಕೊಡುವುದೂ ಅದಕ್ಕೆ ಬರಬೇಕು. ಬೇರೆಯವರು ಬರೆದಿಟ್ಟ ಸಿದ್ಧ ಕೋಡ್ ಮುಟ್ಟುವ ಹಾಗಿಲ್ಲ ಎಂದಿದ್ದರು. ಪಟ್ಟಿಯನ್ನು ಬೇಗ ಜೋಡಿಸುವ ಕ್ವಿಕ್ ಸಾರ್ಟ್ ಎಂಬ ವಿಧಾನವನ್ನು ಬರೆದು ತೋರಿಸಿದೆ. ಅವರು ಸ್ಕ್ರೀನ್ ಆರಿಸಿ, "ಬೋರ್ಡಿನ್ ಮೇಲೆ ಬರಿ, ಕಾಂಬ" ಎಂದರು. ಒಂದಕ್ಷರ ತಪ್ಪದೆ ಬರೆದೆ. "ಯಾರ್ ಬಾಯಿಪಾಠ ಮಾಡ್ಸದ್?" ಎಂದು ಕೇಳಿದರು.

ಆ ಸಿಟ್ಟಿಗೆ, ನಿಜವಾದ ಪಟ್ಟಿಯನ್ನೇ ಪೆಟ್ಟಿಗೆಗೆ ತುಂಬಿ ತೋರಿಸುತ್ತೇನೆ ಎಂದು ಹೊರಟೆ. ನಮ್ಮೂರ ದೇವಸ್ಥಾನಕ್ಕೊಂದು ಯಕ್ಷಗಾನ ಮೇಳವಿತ್ತು. ಕಷ್ಟ ಬಂದಾಗ 'ಒಂದು ಆಟ ಆಡಿಸುತ್ತೇನೆ' ಎಂದು ಯಕ್ಷಗಾನದ ಹರಕೆ ಹೇಳಿಕೊಂಡವರು ದೇವಸ್ಥಾನದ ಕಚೇರಿಯಲ್ಲಿ ಹೆಸರು ಬರೆಸುತ್ತಿದ್ದರು. ಸರದಿ ಬರಲು ಎಂಟು ವರ್ಷವಾದರೂ ಬೇಕು. ಪುಸ್ತಕದಲ್ಲಿ ವರ್ಷಕ್ಕೊಂದು ಹಾಳೆ, ಮನೆಗೊಂದು ಸಾಲು. ಕ್ರಮಸಂಖ್ಯೆ ಮಾತ್ರ ಇಲ್ಲ. ಯಾರ ಕೆಳಗೆ ಯಾರು ಬರೆಸಿದರು ಎನ್ನುವುದೇ ಸಂಖ್ಯೆ. ಬೈಂಡು ಬಿಟ್ಟು ಹಾಳೆಗಳು ಹಿಂದುಮುಂದಾಗಿದ್ದವು. ನಾನು ನಕಲು ಮಾಡುವಷ್ಟು ಹೊತ್ತೂ ಕಚೇರಿಯ ಗುಮಾಸ್ತರು ಸಾಲಿನ ಮೇಲೆ ಬೆರಳಿಟ್ಟುಕೊಂಡೇ ಕೂತಿದ್ದರು. "ಒಂದ್ ಸಾಲ್ ಆಚೀಚೆ ಆರೆ ಊರವ್ರ್ ನನ್ನ ಬಿಡುದಿಲ್ಲೆ" ಎನ್ನುತ್ತಿದ್ದರು.

ಪೆಟ್ಟಿಗೆ ಕ್ಷಣದಲ್ಲಿ ವರ್ಷವಾರು ಜೋಡಿಸಿಕೊಟ್ಟಿತು. ವರ್ಷ ಹೇಳಿದರೆ ಪಟ್ಟಿಯನ್ನು ಅರ್ಧ, ಅರ್ಧದಲ್ಲಿ ಅರ್ಧ ಮಾಡುತ್ತ ಹುಡುಕಿ ಹಿಡಿಯುತ್ತಿತ್ತು. ಪ್ರಿಂಟು ತೆಗೆದು ತಂದೆ. ಗುಮಾಸ್ತರು ಕಚೇರಿಯ ಗೋಡೆಗೆ ಹಚ್ಚಿದರು.

ನಾಲ್ಕು ದಿನ ಕಳೆದಿರಬೇಕು. ಹಾಲಾಡಿ ಪೇಟೆಯಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ, ಗಂಗೊಳ್ಳಿಯಿಂದ ಬಂದು ನಮ್ಮ ಕಡೆ ಮೀನು ಮಾರುವ ಅಕ್ಕ ಕರೆದರು. ಹುಡುಗಿಯರನ್ನೆಲ್ಲ ಅವರು ಕರೆಯುವುದು 'ಹೆಣೆ' ಎಂದೇ.

"ಹ್ವಾಯ್ ಹೆಣೆ, ಆ ಪಟ್ಟಿ ನೀ ಮಾಡದ್ ಅಲ್ದಾ? ನಮ್ದೂ ನಿಮ್ದೂ ಒಂದೇ ವರ್ಷ ಬರ್ಸದ್. ಅದ್ರಗೆ ನಮ್ದ್ ಆರ್ನೇದ್, ನಿಮ್ಮನಿದ್ ಒಂಬತ್ನೇದ್. ಈಗ ನಿಮ್ದ್ ನಾಕ್, ನಮ್ದ್ ಹತ್ತ್. ಹೇಂಗೆ?"

"ಕಂಪ್ಯೂಟರ್ ತಪ್ ಮಾಡುದಿಲ್ಲ ಅಕ್ಕ."

"ಹಂಗಾರೆ ನಿಮ್ಮನಿ ಯಾವ್ದ್ ಅಂದೇಳಿ ಕಂಪ್ಯೂಟರಿಗೆ ಗೊತ್ತಿತ್ತಾ?"

ಸುತ್ತ ನಿಂತವರು ನಕ್ಕರು. ಅಕ್ಕ ನಗಲಿಲ್ಲ. ಹಿಂದೊಮ್ಮೆ ಅವರ ಗಂಡನ ದೋಣಿ ನಾಲ್ಕು ದಿನ ಬಾರದೇ ಇದ್ದಾಗ ಆಟ ಹೇಳಿಕೊಂಡದ್ದು ಅವರ ಅತ್ತೆ. ಆ ವರ್ಷದ ಹನ್ನೊಂದು ಹರಕೆಗಳಲ್ಲಿ ಮೇಳದ ಈ ಸಲದ ತಿರುಗಾಟದಲ್ಲಿ ಏಳಕ್ಕೆ ಮಾತ್ರ ಜಾಗ. ಉಳಿದದ್ದು ಮುಂದಿನ ವರ್ಷಕ್ಕೆ. "ಅತ್ತೆ ಹಾಸ್ಗಿ ಹಿಡ್ದಿದ್ರ್. ಮುಂದಿನ್ ವರ್ಷಕ್ಕೆ ಇರುದಿಲ್ಲ" ಎಂದರು.

ಅಲ್ಲಿಂದ ಶುರುವಾಯಿತು. ಗುಮಾಸ್ತರೇ ತಪ್ಪು ಹೇಳಿ ಬರೆಸಿದರೆಂದು ನನ್ನ ಗುಮಾನಿ. ಅಪ್ಪ ನನ್ನ ಕೈಲಿ ಮಾಡಿಸಿದರೆಂದು ಗುಮಾಸ್ತರದ್ದು. ಅಪ್ಪ ನನ್ನನ್ನು ಒಳಗೆ ಕರೆದು, "ನಿಜ ಹೇಳ್, ಎಂತ ಮಾಡ್ದೆ?" ಎಂದರು. ಸಂಶಯಕ್ಕೆ ಮದ್ದಿಲ್ಲ ಎಂದು ಅಮ್ಮ ಮೂರು ದಿನ ಗೊಣಗಿದಳು.

ಲ್ಯಾಬಿನಲ್ಲಿ ಕೂತು ನಕಲು ಹಾಳೆಯನ್ನೂ ಟೈಪು ಮಾಡಿದ್ದನ್ನೂ ಸಾಲುಸಾಲಾಗಿ ತಾಳೆ ನೋಡಿದೆ. ಎರಡೂ ಒಂದೇ. ಇನ್ನು ಉಳಿದದ್ದು ನಾನು ಬರೆದ ಪೆಟ್ಟಿಗೆ. ಅಷ್ಟು ದಿನ ಅದನ್ನು ಬೇರೆಬೇರೆ ಸಂಖ್ಯೆಗಳಿಂದಷ್ಟೇ ಪರೀಕ್ಷಿಸಿದ್ದೆ. ಈಗ ಒಂದೇ ವರ್ಷದ ಆರು ಹೆಸರು ಹಾಕಿದೆ. ಹಾಕಿದ ಕ್ರಮ ತಪ್ಪಿ, ಕಲಸಿಹೋಗಿ ಬಂದವು. ಕ್ವಿಕ್ ಸಾರ್ಟ್ ದೂರದೂರದವರನ್ನು ಅದಲುಬದಲು ಮಾಡುತ್ತ ಹೋಗುತ್ತದೆ. ವರ್ಷ ಒಂದೇ ಆದರೆ ಅದಕ್ಕೆ ಎಲ್ಲರೂ ಸಮ, ಯಾರು ಮೊದಲು ಬಂದವರೆಂಬ ಲೆಕ್ಕವಿಲ್ಲ. ಸಾಲಿನ ಸಂಖ್ಯೆಯನ್ನು ನಾನೂ ಅದಕ್ಕೆ ಕೊಟ್ಟಿರಲಿಲ್ಲ. ಇಸ್ಪೀಟು ಎಲೆ ಕೈಯಲ್ಲಿ ಒಂದೊಂದಾಗಿ ಸಿಕ್ಕಿಸಿಕೊಳ್ಳುವ ಹಾಗೆ ಜೋಡಿಸುವ ಇನ್ಸರ್ಶನ್ ಸಾರ್ಟ್ ಬರೆದೆ. ನಿಧಾನ, ಆದರೆ ಸಮನಾದವರನ್ನು ಹಾರಿ ಯಾರನ್ನೂ ಮುಂದೆ ಬಿಡುವುದಿಲ್ಲ.

ಮೇಷ್ಟ್ರಿಗೆ ತಪ್ಪು ತೋರಿಸಿದೆ. "ಈಗ ನಂಬ್ದೆ. ಬೇರೆಯವ್ರ್ ಬರ್ದ್ ಕೊಟ್ಟಿದ್ರೆ ಹಿಂಗಿದ್ ತಪ್ ಇರ್ತಿರ್ಲಿಲ್ಲ" ಎಂದರು.

ಹೊಸ ಪಟ್ಟಿ ಹಚ್ಚಿದೆವು. ಅಕ್ಕನ ಮನೆಯದು ಆರನೆಯದು, ನಮ್ಮದು ಒಂಬತ್ತು. ಆ ತಿರುಗಾಟದಲ್ಲೇ ಅವರ ಅಂಗಳದಲ್ಲಿ ಆಟವಾಯಿತು. ಅತ್ತೆಯನ್ನು ಕುರ್ಚಿಯಲ್ಲಿ ಎತ್ತಿ ತಂದು ಎದುರಿಗೇ ಕೂರಿಸಿದ್ದರಂತೆ. ಮಳೆಗಾಲ ಹಿಡಿಯುವ ಮೊದಲೇ ತೀರಿಕೊಂಡರು.

ಆಮೇಲೊಂದು ಬೆಳಿಗ್ಗೆ ಅಕ್ಕ ನಮ್ಮ ಅಂಗಳದಲ್ಲಿ ಬುಟ್ಟಿ ಇಳಿಸಿ, ಅಮ್ಮ ಒಳಗೆ ಹೋದದ್ದು ನೋಡಿಕೊಂಡು ಕೇಳಿದರು. "ಬೇಜಾರ್ ಮಾಡ್ಕಣ್ಬೇಡ ಹೆಣೆ. ಹಚ್ಚುಕೆ ಮುಂಚೆ ಆ ಮೊದ್ಲಿನ್ ಪಟ್ಟಿ ನೀ ಕಂಡಿರ್ಲಿಲ್ಯಾ?"

"ಇಲ್ಲ" ಎಂದೆ.

ನನ್ನ ಮುಖವನ್ನೇ ನೋಡಿದರು. "ಆಯ್ತ್ ಬಿಡ್" ಎಂದು ಬುಟ್ಟಿ ತಲೆಗೇರಿಸಿ ಹೋದರು.

ಕಂಡಿದ್ದೆ. ಕಾಗದ ಪ್ರಿಂಟರಿನಿಂದ ಹೊರಬರುತ್ತಿದ್ದಾಗ ಮೊದಲು ಹುಡುಕಿದ್ದೇ ನಮ್ಮ ಮನೆ. ನನಗೆ ಟೈಫಾಯಿಡ್ ಆದಾಗ ಅಮ್ಮ ಹೇಳಿಕೊಂಡ ಆಟ ಅದು. ಒಂಬತ್ತನೆಯದೆಂದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ನಾಲ್ಕನೆಯದಾಗಿ ಕಂಡಾಗ ಖುಷಿಯಾಯಿತು. ನಕಲು ಹಾಳೆ ಚೀಲದಲ್ಲೇ ಇತ್ತು. ತೆಗೆದು ನೋಡಲಿಲ್ಲ.